26ನೇ ಪಾಕೀಟು

ಪಂಚನಾಮೆ ಓದೀ ಓದೀ ನನಗೆ ಒಂದು ಅಂಕಿ ಬಾಯಿಪಾಠವಾಗಿದೆ: 8 ಲೀಟರ್ 640 ಮಿಲಿ. ಮದ್ಯದ 90 ಎಂ.ಎಲ್.ನ ಟೆಟ್ರಾ ಪಾಕೀಟು ಬಾಕ್ಸಿಗೆ 96 ಇರುತ್ತವೆ, ಗುಣಿಸಿದರೆ ಅಷ್ಟಾಗುತ್ತದೆ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ 2006ರಿಂದ ವಕೀಲಿ ಮಾಡುತ್ತಿದ್ದೇನೆ. ಆರೋಪಿ ಬದಲಾಗುತ್ತಾರೆ, ಊರು ಬದಲಾಗುತ್ತದೆ, ಆ ಅಂಕಿ ಮಾತ್ರ ಮತ್ತೆ ಮತ್ತೆ ಬರುತ್ತದೆ. ಕಿರಾಣಿ ಅಂಗಡಿಯ ಕಟ್ಟೆ ಕೆಳಗೆ, ಪಾನ್ ಡಬ್ಬಿಯ ಹಿಂದೆ, ಖಾನಾವಳಿಯ ಕಟ್ಟಿಗೆ ಒಟ್ಟಲಿನ ನಡುವೆ, ಒಂದು ಬಾಕ್ಸ್.

ಮೂರು ವರ್ಷದ ಹಿಂದೆ ಹೀಗೇ ಒಬ್ಬ ಅವ್ವನ ಕೇಸು ಬಂತು. ಅರವತ್ತು ದಾಟಿದ ಹೆಣ್ಣುಮಗಳು. ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ್ದು. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಬೆಂಗಳೂರಿಗೆ ಗುಳೆ. ಗಂಡ ತೀರಿಕೊಂಡು ಹತ್ತು ವರ್ಷವಾಗಿದೆ. ಮಗ ಗುಳೆ ಹೋದರೆ ಮನೆಯಲ್ಲಿ ಅವ್ವ, ಸೊಸೆ, ಎರಡು ಮಕ್ಕಳು. ಮನೆಯ ಮುಂದಿನ ಪಡಸಾಲೆಯಲ್ಲೇ ಅಂಗಡಿ: ಬೆಲ್ಲ, ಚಾಪುಡಿ, ಎಲೆ ಅಡಿಕೆ, ಬೀಡಿ, ಮಕ್ಕಳ ಕುರುಕುಲು.

ಜಾಮೀನಾದ ಮೇಲೆ ಆಫೀಸಿಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಎರಡು ರಾತ್ರಿ ಒಳಗಿದ್ದು ಬಂದವಳು, ಚಾ ಕೊಟ್ಟರೆ ಕುಡಿಯಲಿಲ್ಲ.

"ಅವ್ವ, ಬಾಕ್ಸ್ ಯಾರು ತಂದು ಇಳಿಸಿದ್ರು?"

"ಒಬ್ಬ ಹುಡುಗ ಬರ್ತಾನವ್ವ. ಬೆಳಗಿನ ಜಾವ ಐದಕ್ಕ. ಗಾಡಿ ಬಂದ್ ಸೈತ ಮಾಡಂಗಿಲ್ಲ, ಇಳಿಸಿ ಹೋಗಿಬಿಡ್ತಾನ. ರೊಕ್ಕ ಮಾರಿದ ಮ್ಯಾಲೆ."

"ನಿಂಗೆಷ್ಟು ಉಳೀತದ?"

ಪಾಕೀಟಿನ ಮೇಲೆ ಬರೆದ ರೇಟಿಗಿಂತ 10 ರೂಪಾಯಿ ಹೆಚ್ಚಿಗೆ ಮಾರಬೇಕಂತೆ. ಅದರಲ್ಲಿ 5 ಹುಡುಗನಿಗೆ, 5 ಇವಳಿಗೆ. ಬಾಕ್ಸ್ ಖಾಲಿಯಾದರೆ 480 ರೂಪಾಯಿ. ಬೆರಳು ಮಡಚಿ ಲೆಕ್ಕ ಹೇಳುವಾಗ ಅವಳ ದನಿಯಲ್ಲಿ ನಾಚಿಕೆಯೂ ಇತ್ತು, ಲೆಕ್ಕ ತಪ್ಪಬಾರದೆಂಬ ಅಂಗಡಿಯವಳ ಎಚ್ಚರವೂ ಇತ್ತು.

ಆ ಹುಡುಗನಿಗೆ ಬಾಕ್ಸ್ ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತು. ಎಫ್‌ಐಆರ್‌ನಲ್ಲಿ ಅವರೂ ಇಲ್ಲ, ಹುಡುಗನೂ ಇಲ್ಲ. ಆರೋಪಿ ಒಬ್ಬಳೇ.

ನಮ್ಮಲ್ಲಿ ಪಾನನಿಷೇಧ ಇಲ್ಲವಲ್ಲ, ಮಾರಿದರೆ ಏನು ತಪ್ಪು ಎಂದು ಕೇಳುವವರು ಈಗಲೂ ಇದ್ದಾರೆ. ಹಾಗಾಗಿ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಲೈಸೆನ್ಸ್ ಇಲ್ಲದೆ ಒಂದೇ ಒಂದು ಪಾಕೀಟು ಮಾರಿದರೂ ಅದು ಅಪರಾಧ. 32ನೇ ಕಲಂ ಪ್ರಕಾರ 5 ವರ್ಷದವರೆಗೆ ಕಠಿಣ ಸಜೆ, 50 ಸಾವಿರದವರೆಗೆ ದಂಡ. ಮೊದಲ ಸಲ ಸಿಕ್ಕಿಬಿದ್ದವರಿಗೂ 1 ವರ್ಷ ಸಜೆ, 10 ಸಾವಿರ ದಂಡಕ್ಕೆ ಕಡಿಮೆ ಇಲ್ಲ. ಎರಡನೇ ಸಲವಾದರೆ ಅದೇ ಇಮ್ಮಡಿ. ಮಾರದೆ ಸುಮ್ಮನೆ ಇಟ್ಟುಕೊಳ್ಳುವುದಕ್ಕೂ ಮಿತಿ ಇದೆ. ದೇಶೀ ತಯಾರಿಕೆಯ ವಿಸ್ಕಿ, ಬ್ರಾಂದಿ, ರಮ್‌ಗೆ ಒಬ್ಬರಿಗೆ 2.3 ಲೀಟರ್. 90 ಎಂ.ಎಲ್. ಲೆಕ್ಕದಲ್ಲಿ 25 ಪಾಕೀಟು ಮನೆಯಲ್ಲಿದ್ದರೆ ಸರಿ, 26ನೆಯದು ಬಂತೆಂದರೆ ಮಿತಿ ದಾಟಿತು. ಜೊತೆಗೆ, ಸಿಕ್ಕ ಮಾಲಿಗೆ ಸರಿಯಾದ ವಿವರಣೆ ಕೊಡಲಾಗದಿದ್ದರೆ ಅಪರಾಧ ನಡೆದಿದೆ ಎಂದೇ ಕೋರ್ಟು ಮೊದಲಿಗೆ ಭಾವಿಸಬಹುದು. ಅದು ಸುಳ್ಳೆಂದು ತೋರಿಸುವ ಭಾರ ಆರೋಪಿಯ ಹೆಗಲಿಗೆ. ಮಾಲು ಸಾಗಿಸಿದ ಗಾಡಿಯ ಮುಟ್ಟುಗೋಲು ಬೇರೆಯೇ ನಡೆಯುತ್ತದೆ, ಅಬಕಾರಿ ಉಪ ಆಯುಕ್ತರ ಮುಂದೆ. ಅಣ್ಣನ ಬೈಕು ತಂದ ತಮ್ಮನಿಂದಾಗಿ ಅಣ್ಣ ಕಚೇರಿ ಕಚೇರಿ ತಿರುಗಿದ್ದನ್ನು ಕಂಡಿದ್ದೇನೆ.

ಈ 26ನೇ ಪಾಕೀಟಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಬ್ಬ ಗಿರಾಕಿ 26 ಪಾಕೀಟು ಇಟ್ಟುಕೊಳ್ಳುವಂತಿಲ್ಲ ಎಂದಮೇಲೆ, ಲೈಸೆನ್ಸ್ ಇರುವ ಅಂಗಡಿಯವರು ಒಬ್ಬನ ಕೈಗೆ 96 ಕೊಟ್ಟದ್ದು ಹೇಗೆ? ಆ ಬಾಕ್ಸ್ ಅಂಗಡಿಯ ಹೊಸ್ತಿಲು ದಾಟಿದ ಗಳಿಗೆಯಲ್ಲೇ ತಪ್ಪು ನಡೆದುಹೋಗಿದೆ. ಅವ್ವನ ಪಡಸಾಲೆಗೆ ಬಂದದ್ದು ಆ ತಪ್ಪಿನ ಎರಡನೇ ಮಜಲು. ಲೈಸೆನ್ಸಿನ ಷರತ್ತು ಮುರಿದವರ ಮೇಲೆ ಕೇಸು ಮಾಡಲು ಕಾಯ್ದೆಯಲ್ಲಿ ಕಲಂ ಇದೆ, 36. ಲೈಸೆನ್ಸ್ ಅಮಾನತು ಮಾಡಲು, ರದ್ದು ಮಾಡಲು 29 ಇದೆ. ಇಷ್ಟು ವರ್ಷದಲ್ಲಿ ನನ್ನ ಮೇಜಿಗೆ ಬಂದ ಹಳ್ಳಿಯ ಬಾಕ್ಸ್ ಕೇಸುಗಳಲ್ಲಿ ಬಾಕ್ಸ್ ಕೊಟ್ಟ ಅಂಗಡಿಯವರು ಎರಡನೇ ಆರೋಪಿಯಾದದ್ದು ಒಂದರಲ್ಲೂ ಇಲ್ಲ.

ಹೊಸಪೇಟೆ ನನ್ನ ತಾಯಿಯ ತವರು. ಈಗ ಅದು ವಿಜಯನಗರ ಜಿಲ್ಲೆ, ಆಗ ಬಳ್ಳಾರಿ, ಅದಕ್ಕೂ ಮೊದಲು ಮದ್ರಾಸ್ ಪ್ರಾಂತ್ಯ. ಡ್ಯಾಮ್ ಕಟ್ಟುವಾಗ ತಾತ ಅಲ್ಲಿ ಕಲ್ಲಿನ ಕೆಲಸ ಮಾಡುತ್ತಿದ್ದರು. ಹೊಳೆಯ ಈ ದಂಡೆ ಬಳ್ಳಾರಿ ಜಿಲ್ಲೆ, ಆ ದಂಡೆ ಮುನಿರಾಬಾದ್, ನಿಜಾಮರ ಹೈದರಾಬಾದ್ ಸಂಸ್ಥಾನ. ಮದ್ರಾಸಿನವರು 1937ರಲ್ಲಿ ಪಾನನಿಷೇಧ ಕಾಯ್ದೆ ತಂದು ಸೇಲಂನಿಂದ ಶುರು ಮಾಡಿದ್ದರು, 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಅದು ಬಂದಿತ್ತು. ನಿಜಾಮರ ಸರ್ಕಾರಕ್ಕೋ ಅಬಕಾರಿಯೇ ದೊಡ್ಡ ಆದಾಯ. ಅಂದರೆ ಒಂದೇ ಹೊಳೆಗೆ ಎರಡು ಕಾನೂನು. ಸಂಜೆ ಕೆಲಸ ಬಿಟ್ಟ ಮೇಲೆ ಆ ದಂಡೆಗೆ ಹೋಗಿ ಕುಡಿದು ಬರುವವರು ಕೆಲವರು, ಸೈಕಲ್ ಟ್ಯೂಬಿನಲ್ಲಿ ತುಂಬಿಸಿ ಹೊಟ್ಟೆಗೆ ಸುತ್ತಿಕೊಂಡು ತಂದು ಮಾರುವವರು ಕೆಲವರು ಎಂದು ತಾತ ಹೇಳುತ್ತಿದ್ದರು. ನಾನು ಆಗ ಚಿಕ್ಕವಳು, ಹೊಟ್ಟೆಗೆ ಟ್ಯೂಬು ಸುತ್ತಿಕೊಂಡವರನ್ನು ನೆನೆಸಿಕೊಂಡು ನಗುತ್ತಿದ್ದೆ. ತಾತ ನಗುತ್ತಿರಲಿಲ್ಲ. ಅವರ ಜೊತೆಗೆ ಕಲ್ಲು ಹೊರುತ್ತಿದ್ದ ಒಬ್ಬಾತ ಟ್ಯೂಬಿನ ಸಮೇತ ಸಿಕ್ಕಿ ಜೈಲಿಗೆ ಹೋದನಂತೆ. ಟ್ಯೂಬು ತರಿಸುತ್ತಿದ್ದ ಮೇಸ್ತ್ರಿ ಮರುದಿನವೂ ಹಾಜರಿ ಕೂಗಿದನಂತೆ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿದ ಮೇಲೂ ನಿಷೇಧ ಮುಂದುವರಿಯಿತು. ಅದು ಎದ್ದದ್ದು 1967ರಲ್ಲಿ.

ನಾನು ಕಣ್ಣಾರೆ ಕಂಡದ್ದು 1995ರದು. ಆಂಧ್ರದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿ ವಿರುದ್ಧ ಎದ್ದರು, ಆ ಬೆಂಕಿ ಇಡೀ ರಾಜ್ಯಕ್ಕೆ ಹಬ್ಬಿತು, ಎನ್.ಟಿ. ರಾಮರಾವ್ ಅಧಿಕಾರಕ್ಕೆ ಬಂದು ಪೂರ್ತಿ ನಿಷೇಧ ಮಾಡಿದರು. ನಾನಾಗ ಹೈಸ್ಕೂಲು. ಗುರುವಾರ ಮಂತ್ರಾಲಯಕ್ಕೆ ಹೋಗುವ ಬಸ್ಸನ್ನು ನಿಲ್ಲಿಸಿ ಚೀಲಗಳನ್ನು ತಡಕುತ್ತಿದ್ದರು. ಅಮ್ಮನ ಪೂಜೆಯ ಬುಟ್ಟಿಯಲ್ಲಿದ್ದ ಎಣ್ಣೆ ಬಾಟಲಿಯನ್ನೂ ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿದ್ದರು. ನಮ್ಮ ಸೀಟಿನ ಹಿಂದಿದ್ದ ಮುದುಕಪ್ಪನ ಪಂಚೆಯೊಳಗೆ ನಾಲ್ಕು ಕ್ವಾರ್ಟರ್ ಬಾಟಲಿ ಸಿಕ್ಕವು, ಇಳಿಸಿಕೊಂಡರು. ಬಸ್ಸು ಮುಂದಕ್ಕೆ ಹೋಯಿತು. ಎರಡು ವರ್ಷಕ್ಕೆ, 1997ರಲ್ಲಿ, ಆ ನಿಷೇಧ ಸಡಿಲವಾಯಿತು. ಇಳಿಸಿಕೊಂಡ ಮುದುಕಪ್ಪ ಏನಾದನೋ.

ಇಷ್ಟೆಲ್ಲ ಹೇಳಿದ್ದಕ್ಕೆ ನಾನು ಕುಡಿತದ ಪರ ಎಂದು ಯಾರೂ ತಿಳಿಯಬಾರದು. ನನ್ನ ದೊಡ್ಡಪ್ಪ 46ಕ್ಕೆ ಹೋದರು, ಲಿವರ್ ಹೋಗಿ. ಕೊನೆಯ ತಿಂಗಳು ಅವರ ಹೊಟ್ಟೆ ಊದಿ ಬಿಗಿದುಕೊಂಡು ಅಂಗಿಯ ಗುಂಡಿ ಕೂಡುತ್ತಿರಲಿಲ್ಲ. ದೊಡ್ಡಮ್ಮ ಎರಡೂ ಬದಿಗೆ ಲಾಡಿ ಹೊಲಿದು ಕಟ್ಟಿಕೊಡುತ್ತಿದ್ದಳು. ಆಗಿನ್ನೂ ಸಾರಾಯಿ ಪಾಕೀಟುಗಳ ಕಾಲ. 2007ರ ಜುಲೈ 1ರಿಂದ ಸಾರಾಯಿ ಬಂದಾದಾಗ ದೊಡ್ಡಮ್ಮ ದೇವರಿಗೆ ಕಾಯಿ ಒಡೆದಿದ್ದಳು, ಗಂಡ ಹೋದ ಮೇಲೂ. ಸಾರಾಯಿ ಹೋದ ಜಾಗಕ್ಕೆ 90 ಎಂ.ಎಲ್. ಪಾಕೀಟು ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರಲ್ಲ, ಅದರಲ್ಲಿ ನಮ್ಮ ರಾಯಚೂರಿನವರು ಎಷ್ಟೊಂದು ಜನ. ಕಾಲಲ್ಲಿ ಬೊಬ್ಬೆ ಎದ್ದು ಹಿಂದಿರುಗಿದ ಇಬ್ಬರು ನನ್ನ ಆಫೀಸಿನಲ್ಲೇ ಕುಳಿತು, ಅಲ್ಲಿ ಏನೇನು ಆಯಿತೆಂದು ಹೇಳಿದ್ದರು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿಯೇ ರಾಜ್ಯಗಳಿಗೆ ಹೇಳುತ್ತದೆ. ಕೇಳುವುದು ಅವರ ಹಕ್ಕು.

ಸೇಂದಿಯದು ಬೇರೆ ಕಥೆ. ನಮ್ಮ ಕಡೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸಿದ ಸೇಂದಿ ಕುಡಿದವರು ಒಂದು ದಿನ ಅದು ಸಿಗದಿದ್ದರೆ ಕೈಕಾಲು ನಡುಗಿ, ಫಿಟ್ಸ್ ಬಂದು ಬೀಳುತ್ತಾರೆ. ಪೌಡರ್ ಬೆರೆಸಿದವರ ಕೇಸು ನಾನು ಹಿಡಿಯುವುದಿಲ್ಲ. ವಕೀಲರು ಎಲ್ಲರ ಕೇಸನ್ನೂ ಹಿಡಿಯಬೇಕೆಂದು ನಮ್ಮ ವಕೀಲರ ಸಂಘದ ಹಿರಿಯರು ನನಗೆ ಬುದ್ಧಿ ಹೇಳಿದ್ದಾರೆ. ಅವರ ಮಾತು ಸರಿ ಇರಬಹುದು, ನನ್ನ ಕೈ ಬರುವುದಿಲ್ಲ.

ಅವ್ವನ ಕೇಸಿಗೆ ಬರುತ್ತೇನೆ. ದಾಳಿ ಆದದ್ದು ಯಾಕೆಂದು ಕಡತ ನೋಡಿದ ಮೇಲೆ ತಿಳಿಯಿತು. ಊರಿನ ಹೆಣ್ಣುಮಕ್ಕಳು ಕೂಡಿ ಅರ್ಜಿ ಕೊಟ್ಟಿದ್ದರು: ಊರಲ್ಲಿ ಐದು ಕಡೆ ದಾರು ಮಾರುತ್ತಾರೆ, ಶಾಲೆಯ ಬಯಲಲ್ಲಿ ಕುಡಿದು ಬೀಳುತ್ತಾರೆ, ಬಂದ್ ಮಾಡಿಸಿಕೊಡಿ. ಅರ್ಜಿಯ ಕೆಳಗೆ ನಲವತ್ತಕ್ಕೂ ಹೆಚ್ಚು ಸಹಿ, ಹೆಬ್ಬೆಟ್ಟು. ಅದರಲ್ಲಿ ಒಂದು ಸಹಿ ಅವ್ವನ ಸೊಸೆಯದು.

ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದಾಗ ಅವ್ವ ತಲೆ ಎತ್ತಲಿಲ್ಲ.

"ಗೊತ್ತೈತವ್ವ. ನನ್ನ ಮುಂದನ ಸಹಿ ಮಾಡ್ಯಾಳ. ಆಕಿ ಗಂಡ, ಅಂದ್ರ ನನ್ನ ಮಗ, ಊರಿಗೆ ಬಂದಾಗ ನಮ್ಮ ಅಂಗಡ್ಯಾಗಿಂದ ತಗೊಂಡು ಕುಡಿತಿದ್ದ. ಆಕಿ ಮಾಡಿದ್ದು ಸರಿ ಐತಿ."

ಐದು ಕಡೆ ಎಂದು ಅರ್ಜಿಯಲ್ಲಿತ್ತು. ಹಿಡಿದದ್ದು ಒಂದು ಕಡೆ.

ವಿಚಾರಣೆ ನಡೆಯಿತು. ಜಪ್ತಿ ಮಾಡಿದ ಮಾಲಿನಲ್ಲಿ ಕೆಲವು ಪಾಕೀಟನ್ನು ಮಾತ್ರ ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗು ಹಾಕಿ ಪರೀಕ್ಷೆಗೆ ಕಳಿಸಿದ್ದರು. ಕೋರ್ಟಿನಲ್ಲಿ ಅದೇ ಗಂಟನ್ನು ಮತ್ತೆ ಬಿಚ್ಚಿ ತೋರಿಸಿದರು. ಅಂಗೈಯಷ್ಟು ದೊಡ್ಡ ಪಾಕೀಟು, ಮಕ್ಕಳ ಮಾವಿನ ರಸದ ಡಬ್ಬಿ ಇದ್ದಂತೆ. ಅವ್ವ ಅದನ್ನು ನೋಡದೆ ಬಾಗಿಲ ಕಡೆ ನೋಡುತ್ತಿದ್ದಳು. ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರು, ತಯಾರಿಸಿದ ದಿನಾಂಕ. ತನಿಖಾಧಿಕಾರಿಗೆ ಪಾಟಿ ಸವಾಲಿನಲ್ಲಿ ಕೇಳಿದೆ.

"ಪಂಚನಾಮೆಯಲ್ಲಿ ಬ್ಯಾಚ್ ನಂಬರು ಬರೆದಿದ್ದೀರಾ?"

"ಇಲ್ಲ."

"ಈ ಬ್ಯಾಚಿನ ಮಾಲು ಡಿಪೋದಿಂದ ಯಾವ ಲೈಸೆನ್ಸಿಗೆ ಹೋಗಿದೆ ಎಂದು ಪತ್ರ ಬರೆದು ಕೇಳಿದ್ದೀರಾ?"

"ಇಲ್ಲ."

ಕೇಳಿದ್ದರೆ ಸಿಗುತ್ತಿತ್ತು. ಕರ್ನಾಟಕದಲ್ಲಿ ಸಗಟು ಮದ್ಯವೆಲ್ಲ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕವೇ ಹಾಯಬೇಕು. ಸಿಎಲ್-2 ವೈನ್‌ಶಾಪ್ ಇರಲಿ, ಸಿಎಲ್-9 ಬಾರ್ ಇರಲಿ, ಎಂಎಸ್‌ಐಎಲ್ ಮಳಿಗೆ ಇರಲಿ, ಯಾರು ಯಾವತ್ತು ಎಷ್ಟು ಬಾಕ್ಸ್ ಎತ್ತಿದರು ಎಂಬುದಕ್ಕೆ ಬಿಲ್ಲು ಇರುತ್ತದೆ. ಒಂದೇ ಬ್ಯಾಚು ಹತ್ತು ಅಂಗಡಿಗೆ ಹೋಗಿರಬಹುದು. ಹತ್ತು ಅಂಗಡಿಯ ದಾಸ್ತಾನು ಪುಸ್ತಕ ತೆಗೆಸಿ ನೋಡುವುದು ಎರಡು ದಿನದ ಕೆಲಸ.

ಪಂಚನಾಮೆಗೆ ಸಾಕ್ಷಿ ಸಹಿ ಹಾಕಿದ ಪಂಚರಿಬ್ಬರೂ ತಿರುಗಿಬಿದ್ದರು. ಠಾಣೆಯಲ್ಲಿ ಸಹಿ ಹಾಕು ಅಂದರು, ಹಾಕಿದೆವು ಎಂದರು. ವಾರಂಟಿಲ್ಲದೆ ಮನೆ ಶೋಧಿಸುವ ಮೊದಲು ಅದಕ್ಕೆ ಕಾರಣವನ್ನು ಬರೆದಿಡಬೇಕು ಎಂದು 54ನೇ ಕಲಂ ಹೇಳುತ್ತದೆ. ಅದನ್ನು ಪಾಲಿಸಲಿಲ್ಲವೆಂದು ನಮ್ಮ ಹೈಕೋರ್ಟ್ ಎಷ್ಟೋ ಪ್ರಕರಣ ರದ್ದು ಮಾಡಿದೆ. ಇಲ್ಲೂ ಬರೆದಿರಲಿಲ್ಲ. ಅವ್ವ ಬಿಡುಗಡೆಯಾದಳು.

ನಾನು ಗೆದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಬ್ಯಾಚ್ ನಂಬರು ಬರೆಯದೆ ಬಿಟ್ಟದ್ದು ಮಾಲಿನ ಬಗ್ಗೆ ಸಂಶಯ ಹುಟ್ಟಿಸಿ ನನ್ನ ಕಕ್ಷಿದಾರಳನ್ನು ಉಳಿಸಲು ನೆರವಾಯಿತು, ಅದೇ ಲೋಪ ಬಾಕ್ಸ್ ಕೊಟ್ಟವರನ್ನೂ ಕಾಪಾಡಿತು. ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಹೆಣ್ಣುಮಕ್ಕಳಿಗೆ ಸಿಕ್ಕದ್ದೇನು? ಎರಡು ವರ್ಷ ಅವ್ವ ಕೋರ್ಟಿಗೆ ಅಲೆದಳು. ಅವಳ ಅಂಗಡಿಯಲ್ಲಿ ಮಾರಾಟ ನಿಂತಿತು, ಎದುರು ಓಣಿಯಲ್ಲಿ ಶುರುವಾಯಿತು.

ಬಿಹಾರದಲ್ಲಿ 2016ರ ಏಪ್ರಿಲಿನಿಂದ ಪೂರ್ತಿ ನಿಷೇಧವಿದೆ. ಕುಡಿದವರನ್ನೂ ಸಣ್ಣ ಮಾರಾಟಗಾರರನ್ನೂ ಹಿಡಿದು ಹಿಡಿದು ಜೈಲು ತುಂಬಿತು, ಕೋರ್ಟುಗಳಲ್ಲಿ ಜಾಮೀನು ಅರ್ಜಿಗಳು ರಾಶಿ ಬಿದ್ದವು, ಕೊನೆಗೆ 2022ರಲ್ಲಿ ಕಾಯ್ದೆ ತಿದ್ದಿ ಮೊದಲ ಸಲ ಕುಡಿದು ಸಿಕ್ಕವರು ದಂಡ ಕಟ್ಟಿ ಹೋಗಬಹುದೆಂದು ಮಾಡಬೇಕಾಯಿತು. ನಮ್ಮಲ್ಲೂ ನಾಳೆ ನಿಷೇಧ ಬರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಇವತ್ತು ಒಂದು ಬಾಕ್ಸು ಎಲ್ಲಿಂದ ಬಂತೆಂದು ಕೇಳದ ತನಿಖೆ ನಾಳೆಯೂ ಕೇಳುವುದಿಲ್ಲ. ಆಗಲೂ ಪಂಚನಾಮೆಯಲ್ಲಿ ಪಡಸಾಲೆಯ ಅವ್ವನೇ ಇರುತ್ತಾಳೆ, ಸಜೆಯೊಂದು ಹೆಚ್ಚಾಗಿರುತ್ತದೆ. ಹಳ್ಳಿಯಲ್ಲಿ ಬಾಕ್ಸ್ ಸಿಕ್ಕ ಪ್ರತಿ ಕೇಸಿನಲ್ಲೂ ಬ್ಯಾಚ್ ನಂಬರನ್ನು ಪಂಚನಾಮೆಯಲ್ಲಿ ಬರೆಯಲೇಬೇಕು, ಡಿಪೋದ ಬಿಲ್ಲನ್ನು ಆರೋಪಪಟ್ಟಿಗೆ ಲಗತ್ತಿಸಲೇಬೇಕು. ಹೊಸ ಕಾಯ್ದೆ ಬೇಕಿಲ್ಲ, ಮೇಲಿನವರ ಒಂದು ಸುತ್ತೋಲೆ ಸಾಕು. ಇದನ್ನು ನಾನು ವಕೀಲರ ಸಂಘದಲ್ಲಿ ಹೇಳಿದ್ದೇನೆ, ಅಬಕಾರಿಯವರ ಎದುರಿಗೂ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಆ ಊರಿನ ಹೆಣ್ಣುಮಕ್ಕಳು ಏಳು ಜನ ಟಂಟಂ ಮಾಡಿಕೊಂಡು ಬಂದರು. ಮುಂದೆ ಅವ್ವನ ಸೊಸೆ. "ಯಕ್ಕಾ, ಇನ್ನೊಂದು ಅರ್ಜಿ ಬರ್ದು ಕೊಡ್ರಿ" ಎಂದಳು. ಈ ಸಲ ಬರಿಗೈಯಲ್ಲಿ ಬರಬೇಡಿ, ಖಾಲಿ ಪಾಕೀಟು ಆರಿಸಿ ತನ್ನಿ ಎಂದೆ. ಶಾಲೆಯ ಬಯಲು, ಬಸ್ ಸ್ಟ್ಯಾಂಡಿನ ಹಿಂಬದಿ, ಹಳ್ಳದ ದಂಡೆ, ಯಾವ ಜಾಗ, ಯಾವ ದಿನ ಎಂದು ಬೇರೆ ಬೇರೆ ಚೀಲದಲ್ಲಿ. ಎಂಟು ದಿನಕ್ಕೆ ಯೂರಿಯಾ ಚೀಲದ ತುಂಬ ತಂದರು. ಆಫೀಸಿನ ನೆಲಕ್ಕೆ ಪೇಪರು ಹಾಸಿ ಸುರಿದೆವು. ಹುಳಿ ವಾಸನೆಗೆ ಕಿಟಕಿ ತೆರೆದರೂ ತಲೆ ನೋವು. ಹತ್ತನೇ ತರಗತಿ ಓದುವ ಒಬ್ಬ ಹುಡುಗಿ ಬಂದಿದ್ದಳು, ಅವಳ ಕಣ್ಣು ಚುರುಕು. ಒಂದೊಂದನ್ನೇ ಬೆಳಕಿಗೆ ಹಿಡಿದು ನಂಬರು ಓದಿದಳು, ನಾನು ಬರೆದುಕೊಂಡೆ. ಮಣ್ಣು ಮೆತ್ತಿ ಅಳಿಸಿದವನ್ನು ಬದಿಗಿಟ್ಟೆವು. ಉಳಿದವುಗಳಲ್ಲಿ ಮೂರೇ ಬ್ಯಾಚು.

ಅವ್ವ ಆವತ್ತು ಬಂದಿರಲಿಲ್ಲ. ಮರುದಿನ ಒಬ್ಬಳೇ ಬಂದಳು, ಸೆರಗಿನಡಿ ಏನೋ ಮಡಚಿ ಹಿಡಿದುಕೊಂಡು. ಹಳೇ ಬಾಕ್ಸಿನ ರಟ್ಟು. ಉಳ್ಳಾಗಡ್ಡಿ ಇಡಲು ಇಟ್ಟುಕೊಂಡಿದ್ದಳಂತೆ. ಅದರ ಮೇಲೆ ಚೀಟಿ ಪೂರ್ತಿ ಉಳಿದಿತ್ತು, ಬ್ಯಾಚು, ದಿನಾಂಕ, ಎಲ್ಲ.

"ಇದನ್ನೂ ಹಚ್ಚವ್ವ ಅರ್ಜಿಗಿ."

ರಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಅದೊಂದಿದ್ದರೆ ಅರ್ಜಿಗೆ ಎಷ್ಟು ಬಲ. ಆದರೆ ಇದು ಬೇರೆ ಬಾಕ್ಸು, ಬಿಡುಗಡೆಯಾದ ಕೇಸಿನದಲ್ಲ. ಎಲ್ಲಿ ಸಿಕ್ಕಿತೆಂದು ಕೇಳಿದರೆ ಅವ್ವನ ಮನೆ ಎನ್ನಬೇಕು. ಕೊಟ್ಟವರಿಗಿಂತ ಮೊದಲು ಅವಳ ಮೇಲೆ ಹೊಸ ಕೇಸಾಗುತ್ತದೆ.

"ಇದು ಬ್ಯಾಡವ್ವ. ಇದನ್ನ ಹಚ್ಚಿದ್ರ ಮತ್ತ ನಿನ್ನನ್ನ ಕರ್ಕೊಂಡು ಹೋಗ್ತಾರ."

"ಹೋದ್ರ ಹೋಗ್ಲಿ. ಹೇಳ್ತೀನಿ ಬಿಡು."

ನಾನು ಒಪ್ಪಲಿಲ್ಲ. ರಟ್ಟನ್ನು ಮಡಚಿ ಅವಳ ಕೈಗೇ ಕೊಟ್ಟೆ. ಅರ್ಜಿಯಲ್ಲಿ ಖಾಲಿ ಪಾಕೀಟುಗಳ ಮೂರು ಬ್ಯಾಚ್ ನಂಬರು, ಸಿಕ್ಕ ಜಾಗ, ಸಿಕ್ಕ ದಿನ ಬರೆದು, ಡಿಪೋದ ಬಿಲ್ಲು ತರಿಸಿ ಲೈಸೆನ್ಸುದಾರರನ್ನು ವಿಚಾರಣೆ ಮಾಡಬೇಕೆಂದು 29, 36 ಎರಡೂ ಕಲಂ ಹೆಸರಿಸಿ ಕೇಳಿದ್ದೇವೆ. ಏಳು ಜನರ ಸಹಿಯ ಕೆಳಗೆ ಅವ್ವ ತನ್ನ ಹೆಬ್ಬೆಟ್ಟು ಒತ್ತಿದಳು, ಊರಿನವಳಾಗಿ. ಸೋಮವಾರ ಟಪಾಲಿನಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ.